ಪದಚರ್ಚೆ: ಲೂಸಿ ಹೋಗುವ ‘ಹೋಮ್’ ನಮ್ಮ ‘ವೃದ್ಧಾಶ್ರಮ’ವೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ವಿಚಾರಿಸಬೇಕಾಗಿದೆ. ಲಿಯೋ ಮೆಕ್‌ಕ್ಯಾರಿ ನಿರ್ದೇಶಿಸಿದ 1937ರ ಹಾಲಿವುಡ್ ಚಿತ್ರ ‘ಮೇಕ್ ವೇ ಫಾರ್ ಟುಮಾರೋ’ಗೆ ಕನ್ನಡ ಅಡಿಬರಹ ಬರೆಯುತ್ತಿದ್ದೇನೆ. ಬಾರ್ಕ್ ಮತ್ತು ಲೂಸಿ ಎಂಬ ವೃದ್ಧ ದಂಪತಿಯ ಮನೆ ಬ್ಯಾಂಕಿನ ಪಾಲಾಗುತ್ತದೆ. ಐವರು ಮಕ್ಕಳಿದ್ದರೂ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ. ತಾಯಿ ನ್ಯೂಯಾರ್ಕಿನಲ್ಲಿರುವ ಮಗ ಜಾರ್ಜನ ಮನೆಗೆ, ತಂದೆ ದೂರದ ಮಗಳ ಮನೆಗೆ. ಅಮೆರಿಕದಲ್ಲಿ ಸಾಮಾಜಿಕ ಭದ್ರತಾ ಕಾಯಿದೆ 1935ರಲ್ಲಿಯೇ ಬಂದಿದ್ದರೂ ತಿಂಗಳ ಪಿಂಚಣಿ ಕೈಗೆ ಸಿಗತೊಡಗಿದ್ದು 1940ರಲ್ಲಿ. ಇವರಿಗೆ ಮಕ್ಕಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ.

ತೊಡಕಿರುವುದು ಜಾರ್ಜ್ ತಾಯಿಯೊಡನೆ ಮಾತಿಗೆ ಕೂರುವ ದೃಶ್ಯದಲ್ಲಿ. ವೃದ್ಧೆಯರಿಗೆಂದೇ ಇರುವ ಒಂದು ‘ಹೋಮ್’ನಿಂದ ಬಂದ ಪತ್ರ ಲೂಸಿಯ ಕಣ್ಣಿಗೆ ಆಗಲೇ ಬಿದ್ದಿದೆ. ಮಗ ಹೇಳಲಾರದೆ ತಡವರಿಸುತ್ತಾನೆ. ಅವನ ಬಾಯಿಂದ ಆ ಮಾತು ಬರುವ ಮೊದಲೇ ಆಕೆ, ತನಗೇ ಅಲ್ಲಿಗೆ ಹೋಗುವ ಮನಸ್ಸಾಗಿದೆ ಎಂದುಬಿಡುತ್ತಾಳೆ. ಅಪ್ಪನಿಗೆ ಮಾತ್ರ ಇದು ಎಂದೂ ತಿಳಿಯಕೂಡದು ಎನ್ನುತ್ತಾಳೆ. ಗಂಡನಿಂದ ಆಕೆ ಮುಚ್ಚಿಡುವ ಮೊದಲ ಗುಟ್ಟು ಅದು. ಲೂಸಿಯ ಪಾತ್ರ ಮಾಡಿರುವ ನಟಿ ಬ್ಯೂಲಾ ಬಾಂಡಿ ಈ ಮಾತುಗಳನ್ನು ಎಷ್ಟು ಹಗುರವಾಗಿ ಆಡುತ್ತಾರೆಂದರೆ, ಕೇಳುವವರ ಗಂಟಲು ಕಟ್ಟುತ್ತದೆ.

ಇಲ್ಲಿ ‘ವೃದ್ಧಾಶ್ರಮ’ ಎಂದು ಹಾಕಿ ನೋಡಿದೆ, ಒಪ್ಪಲಿಲ್ಲ. ‘ಆಶ್ರಮ’ಕ್ಕೆ ವಾನಪ್ರಸ್ಥದ ನೆರಳಿದೆ, ತಾನಾಗಿ ಮನೆ ಬಿಟ್ಟು ಹೊರಟವರ ನೆಮ್ಮದಿ ಅದರಲ್ಲಿದೆ. ಇಂದಿನ ಬಳಕೆಯಲ್ಲಾದರೋ ಅದು ಬೈಗುಳಕ್ಕೆ ಸಮ. ‘ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದ’ ಎಂದರೆ ಮಗನ ಮೇಲೆ ತೀರ್ಪು ಕೊಟ್ಟಂತೆಯೇ. ಲೂಸಿ ಮಾತಾಡುತ್ತಿರುವುದೇ ಆ ತೀರ್ಪಿನಿಂದ ಮಗನನ್ನು ಉಳಿಸಲು. ಇಂಗ್ಲಿಷಿನಲ್ಲಿ ಕಳೆದುಕೊಂಡ ಮನೆಗೂ ಈಗ ಸೇರಬೇಕಾದ ಜಾಗಕ್ಕೂ ಒಂದೇ ಹೆಸರಿರುವುದರಿಂದ ಆಕೆಗೆ ಮೆಲ್ಲಗೆ ಹೇಳಿ ಮುಗಿಸಲು ಸಾಧ್ಯವಾಗುತ್ತದೆ. ಜೊತೆಗೆ, ಅಲ್ಲಿ ಹೆಂಗಸರಿಗೆ ಮಾತ್ರ ಜಾಗ. ಬಾರ್ಕ್ ಯಾವತ್ತೂ ಅಲ್ಲಿಗೆ ಬಂದು ಹೆಂಡತಿಯ ಜೊತೆ ಇರಲಾರ. ‘ವೃದ್ಧಾಶ್ರಮ’ ಎಂದರೆ ಈ ಅಗಲಿಕೆ ಕಾಣಿಸುವುದೇ ಇಲ್ಲ.

ಸೆರೆಮನೆ, ಗರಡಿಮನೆ, ಹೆರಿಗೆಮನೆ ಎಂದು ಸಂಸ್ಥೆಗಳಿಗೂ ‘ಮನೆ’ಯನ್ನು ಸೇರಿಸುವ ರೂಢಿ ನಮ್ಮಲ್ಲಿದೆ. ಆ ಜಾಡಿನಲ್ಲಿ ‘ವೃದ್ಧೆಯರ ಮನೆ’ ಎನ್ನಬಹುದೇ? ನನ್ನ ಒಲವು ಅದರ ಕಡೆಗೇ ಇದೆ. ‘ಆಸರೆಮನೆ’ ಕಿವಿಗೆ ಹಿತವೇನೋ ಹೌದು, ಆದರೆ ಆಡುವ ಬಾಯಿ ಕಾಣೆ. ‘ಅನಾಥಾಲಯ’ ಎಂದರೆ ಐವರು ಮಕ್ಕಳಿರುವ ತಾಯಿಗೆ ಅನ್ಯಾಯ.

ಇನ್ನೊಂದು ಪ್ರಶ್ನೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಸನ್ಯಾಸಿನಿಯರು ನಡೆಸುವ ವೃದ್ಧರ ನಿವಾಸವಿದೆಯಲ್ಲ, ಅಂಥವನ್ನು ಹಿಂದಿನವರು ಕನ್ನಡದಲ್ಲಿ ಏನೆಂದು ಕರೆಯುತ್ತಿದ್ದರು? ಮಂಗಳೂರು, ಧಾರವಾಡದ ಕಡೆಯ ಹಿರಿಯರ ಬಾಯಲ್ಲಿ ಬೇರೆ ಮಾತೇನಾದರೂ ಇತ್ತೇ? ಹಳೆಯ ಪತ್ರಿಕೆ, ಕಾದಂಬರಿಗಳಲ್ಲಿ ಕಂಡ ಬಳಕೆಯಿದ್ದರೆ ಪೂರ್ತಿ ವಾಕ್ಯವನ್ನೇ ಕೊಡಿ. ಪರದೆಯ ಮೇಲೆ ಆ ಸಾಲಿಗೆ ಸಿಗುವುದು ಎರಡು ಮೂರು ಸೆಕೆಂಡು, ಹಾಗಾಗಿ ಪದ ಚಿಕ್ಕದಾಗಿರಬೇಕು. ಒಬ್ಬ ತಾಯಿ ಮಗನೆದುರು ನಿಜಕ್ಕೂ ಆಡಬಹುದಾದದ್ದಾಗಿರಬೇಕು.