ಪದಚರ್ಚೆ: ‘ಪ್ಯಾರಾಮೆಡಿಕ್’ಗೆ ಕನ್ನಡದಲ್ಲಿ ಏನು?

ಗೆಳೆಯರೇ, ನಾಳೆ ಬೆಳಿಗ್ಗೆ ಒಂದು ಅನುವಾದ ಕೊಡಬೇಕು. ಆಂಬುಲೆನ್ಸ್ ಸೇವೆ ಯಾವ ದೇಶದಲ್ಲಿ ಹೇಗೆ ಬೆಳೆಯಿತು ಅಂತ ಲೇಖನ. ‘ಪ್ಯಾರಾಮೆಡಿಕ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಪತ್ರಿಕೆಗಳ ‘ಅರೆವೈದ್ಯಕೀಯ ಸಿಬ್ಬಂದಿ’ ಹಾಕಿದರೆ ನಮ್ಮವರಿಗೆ ಲ್ಯಾಬ್, ಎಕ್ಸ್‌ರೇಯವರು ನೆನಪಾಗುತ್ತಾರೆ. ನನಗೆ ಬೇಕಿರುವುದು ಗಾಡಿಯಲ್ಲೇ ರೋಗಿಯನ್ನು ನೋಡುವವರಿಗೆ ಒಂದು ಪದ.

ಧಾರವಾಡದಿಂದ:
‘ಅರೆ’ ಬೇಡವೇ ಬೇಡ. ಅರೆಬೆಂದ, ಅರೆಹುಚ್ಚ, ಅರೆವೈದ್ಯ! ಗ್ರೀಕಿನ ‘ಪಾರಾ’ ಅಂದರೆ ಪಕ್ಕ, ಅರ್ಧ ಅಲ್ಲ. ‘ಒತ್ತುವೈದ್ಯ’ ಅನ್ನಿ. ಒತ್ತಿನಲ್ಲಿ ಇರುವವನು. ಮುಗಿಯಿತು.

ಸಾಗರದಿಂದ:
ಕೈಕಾಲು ಒತ್ತುವವನು ಅಂದುಕೊಳ್ಳುತ್ತಾರೆ. ಮೇಲಾಗಿ ‘ವೈದ್ಯ’ ಸಂಸ್ಕೃತ. ‘ಮದ್ದಾಳು’ ಸಾಕು.

ಮೈಸೂರಿನಿಂದ:
ಮದ್ದಾಳು ಪಟಾಕಿ ಅಂಗಡಿಯಲ್ಲಿರುತ್ತಾನೆ ಸ್ವಾಮಿ. ಗ್ರೀಕ್ ಬಿಡಿ, ಯಾವ ದೇಶ ಅಂತ ಮೊದಲು ಕೇಳಿ. ಫ್ರಾನ್ಸಿನಲ್ಲಿ 15ಕ್ಕೆ ಫೋನ್ ಮಾಡಿದರೆ ಏನು ಕಳಿಸಬೇಕು ಅಂತ ತೀರ್ಮಾನಿಸುವವರೇ ಡಾಕ್ಟರು. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಗಾಡಿಯಲ್ಲೂ ಡಾಕ್ಟರು ಬರುತ್ತಾರೆ. ಅಲ್ಲಿ ‘ಪ್ಯಾರಾಮೆಡಿಕಲ್’ ಅಂದರೆ ನರ್ಸ್, ಫಿಸಿಯೋಥೆರಪಿಯವರು, ಹೆಚ್ಚುಕಡಿಮೆ ನಮ್ಮ ಹಾಗೇ. ಅಮೆರಿಕದ ಕತೆ ಬೇರೆ. 1966ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಹೃದಯದ ಡಾಕ್ಟರು ಪ್ಯಾಂಟ್ರಿಡ್ಜ್ ಹೃದಯಕ್ಕೆ ಶಾಕ್ ಕೊಡುವ ಯಂತ್ರವನ್ನೂ ಡಾಕ್ಟರನ್ನೂ ಆಂಬುಲೆನ್ಸಿಗೆ ಹತ್ತಿಸಿದರು. ಅಮೆರಿಕದವರು ಯಂತ್ರ ತೆಗೆದುಕೊಂಡರು, ಡಾಕ್ಟರ ಜಾಗಕ್ಕೆ ತರಬೇತಿ ಪಡೆದವರನ್ನು ಕೂರಿಸಿದರು. ಪಿಟ್ಸ್‌ಬರ್ಗಿನಲ್ಲಿ 1967ರಲ್ಲಿ ಶುರುವಾದ ಫ್ರೀಡಂ ಹೌಸ್ ಆಂಬುಲೆನ್ಸ್ ಸೇವೆ ಇದಕ್ಕೆ ದಾರಿ ತೋರಿಸಿತ್ತು. ಹಿಲ್ ಡಿಸ್ಟ್ರಿಕ್ಟ್ ಕೇರಿಯ, ಕೆಲಸವಿಲ್ಲದ ಕಪ್ಪು ಜನರಿಗೆ ಡಾ. ಪೀಟರ್ ಸಫಾರ್ ತರಬೇತಿ ಕೊಟ್ಟರು. ಅವರು ಯಾರ ಒತ್ತಿನಲ್ಲೂ ಇರಲಿಲ್ಲ. ಗಾಡಿಯಲ್ಲಿ ಸಾಮಾನ್ಯವಾಗಿ ಡಾಕ್ಟರೇ ಇರುತ್ತಿರಲಿಲ್ಲ!

ಕೇಳಿದವರು:
ಲೇಖನದಲ್ಲಿ ಎರಡೂ ದೇಶ ಇವೆ. ‘ತುರ್ತು ಶುಶ್ರೂಷಕ’ ಆಗಬಹುದೇ?

ಸಾಗರದಿಂದ:
‘ತುರ್ತು’ ಮರಾಠಿಯ ಬಳುವಳಿ. ಶುಶ್ರೂಷಕ ಅಂದರೆ ನರ್ಸ್. ಎರಡೂ ತಪ್ಪು.

ಮೈಸೂರಿನಿಂದ:
‘ಆಸ್ಪತ್ರೆ’ಯೂ ಹೊರಗಿನದೇ. ಜ್ವರ ಬಂದರೆ ನೀವು ಎಲ್ಲಿಗೆ ಹೋಗುತ್ತೀರಿ?

ಧಾರವಾಡದಿಂದ:
‘ಒತ್ತುವೈದ್ಯ’ಕ್ಕೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಕೇಳಿದವರು:
ಅಮೆರಿಕದವರಿಗೆ ‘ಪ್ಯಾರಾಮೆಡಿಕ್’ ಅಂತಲೇ ಇಟ್ಟೆ, ಫ್ರಾನ್ಸಿಗೆ ‘ಆಂಬುಲೆನ್ಸ್ ಡಾಕ್ಟರು’. ಇನ್ನೊಂದು ಉಳಿದಿದೆ. ನಮ್ಮ 108ರಲ್ಲಿ ಗಾಡಿ ಓಡಿಸುವವರನ್ನು ‘ಪೈಲಟ್’ ಅನ್ನುತ್ತಾರಲ್ಲ, ಅದನ್ನು ‘ಚಾಲಕ’ ಅಂತ ಮಾಡಲಾ, ಬೇಡವಾ? ಒಂದೇ ಸಾಲಿನಲ್ಲಿ ಹೇಳಿ, ದಯವಿಟ್ಟು.