ಡ್ರೀಖ್ ಅಂದರೆ ಬರೀ ಮೋಡ ಕವಿದ ದಿನವಾ?

ಡೊಂಬಿವಲಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದವರ ಜೊತೆ ದಿನಾ ಕಾಲ್ ಇರುತ್ತದೆ. ನಿನ್ನೆ ಅಲ್ಲಿಯ ಹಿರಿಯರೊಬ್ಬರು ಕಿಟಕಿ ಕಡೆ ನೋಡಿ 'ಡ್ರೀಖ್' ಅಂದರು. ಇಲ್ಲೂ ನಾಲ್ಕು ದಿನದಿಂದ ಅದೇ ಮೋಡ-ಮಳೆಯ ಕಥೆ, ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹಾಕಿದ್ದೇವೆ, ಜೀನ್ಸಿನ ಸೊಂಟದ ಪಟ್ಟಿ ಇನ್ನೂ ಒದ್ದೆ, ಡಬ್ಬಿಯಲ್ಲಿರುವ ಉಪ್ಪು ನೀರಾಗಿದೆ. ಅದಕ್ಕೇ ಆ ಪದ ತಲೆಯಲ್ಲಿ ಕೂತುಬಿಟ್ಟಿದೆ. ಇದು ಇಂಗ್ಲಿಷಿನ 'ಡ್ರಿಯರಿ'ಯ ಹಳ್ಳಿ ರೂಪವಾ? ಕನ್ನಡದಲ್ಲಿ ಏನನ್ನಬಹುದು?

ಪುಣೆ ಕನ್ನಡತಿ:
ಅದೇ ಇರಬೇಕು, ಅರ್ಥ ಒಂದೇ ಅಲ್ವಾ. ನಾವು 'ಮಬ್ಬು' ಅಂತೀವಲ್ಲ, ಅಷ್ಟೇ.

ಮಾಟುಂಗಾ ಮೇಷ್ಟ್ರು:
ಇಲ್ಲ ಅಕ್ಕಾ, ಕೇಳೋಕೆ ಒಂದೇ ಥರ, ಬೇರು ಬೇರೆ. 'ಡ್ರಿಯರಿ'ಗೆ ಹಳೆಯ ಇಂಗ್ಲಿಷಿನಲ್ಲಿ ರಕ್ತ ಮೆತ್ತಿದ ಅನ್ನುವ ಅರ್ಥವಿತ್ತು, ಆಮೇಲೆ ದುಃಖ ಅಂತಾಯಿತು, ಬೇಸರ ಬಂದದ್ದು ಕೊನೆಗೆ. ಡ್ರೀಖ್ ಹಾಗಲ್ಲ, ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯ ಪದ. ಅದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ 'ದ್ರ್ಯೂಗ್ರ್' ಪದದ ನೆಂಟ, ಅಂದರೆ ಬಹಳ ಕಾಲ ಬಾಳುವಂಥದ್ದು. ಸಹಿಸುವುದಕ್ಕೆ ಸ್ಕಾಟ್ಸ್‌ನಲ್ಲಿ 'ಡ್ರೀ' ಅಂತಾರೆ, ಅದೂ ಇದೇ ಮನೆತನ. ಹಾಗಾಗಿ ಮೊದಲು ಇದು ಮಳೆಯ ಪದವೇ ಅಲ್ಲ! ಮುಗಿಯದ ದಾರಿ ಡ್ರೀಖ್, ಎಳೆದೆಳೆದು ಹೇಳುವ ಪಾದ್ರಿಯ ಪ್ರವಚನ ಡ್ರೀಖ್, ಸಾಲ ತೀರಿಸದೆ ಸತಾಯಿಸುವವನೂ ಡ್ರೀಖ್.

ಇನ್ನೊಂದು ಮಾತು. ಸ್ಕಾಟ್ಸ್ ಅನ್ನು ಹಳ್ಳಿ ಇಂಗ್ಲಿಷ್ ಅನ್ನಬೇಡಿ, ನನಗೆ ನಿಜವಾಗಲೂ ಬೇಜಾರಾಗುತ್ತದೆ. ಉತ್ತರದ ಹಳೆಯ ಇಂಗ್ಲಿಷಿನಿಂದ ತನ್ನದೇ ದಾರಿಯಲ್ಲಿ ಬೆಳೆದ ನುಡಿ ಅದು. 1931ರಿಂದ 1976ರವರೆಗೆ ಅದಕ್ಕೆ 10 ಸಂಪುಟಗಳ ನಿಘಂಟು ಕಟ್ಟಿದ್ದಾರೆ.

ಮಡಗಾಂವ್ ಧಾರವಾಡದಾಕಿ:
ಹಂಗಾದ್ರ 'ಮಬ್ಬು' ಸಾಲೂದಿಲ್ಲ ನೋಡ್ರಿ. ನಮ್ಮಜ್ಜಿ ಶ್ರಾವಣದಾಗ ಕಟ್ಟಿ ಮ್ಯಾಲೆ ಕುಂತು 'ಮಳಿ ಹಿಡಕೊಂಡೈತಿ' ಅಂತಿದ್ಲು. ಜೋರು ಮಳಿ ಅಲ್ಲ, ಜಿಟಿಜಿಟಿ, ಆದ್ರ ಬಿಡಂಗಿಲ್ಲ. ಆ 'ಹಿಡಕೊಳ್ಳೂದು' ಐತೆಲ್ಲ, ಅದ ಡ್ರೀಖ್ ಅನಸ್ತದ ನನಗ. ಇಲ್ಲಿ ಗೋವಾದಾಗೂ ಈಗ ಹಂಗ ಹಿಡಕೊಂಡದ.

ಮಾಟುಂಗಾ ಮೇಷ್ಟ್ರು:
ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆದಿರಲಿಲ್ಲ, ತಾಯಿ.

ಡೊಂಬಿವಲಿ ಹುಡುಗ:
ಸರ್, ಹಳ್ಳಿ ರೂಪ ಅಂದದ್ದು ತಪ್ಪಾಯಿತು. ಕೊನೆಯ ಅಕ್ಷರ ಹೇಗೆ ಹೇಳೋದು? ನನ್ನ ಬಾಯಲ್ಲಿ 'ಡ್ರೀಕ್' ಅಂತಲೇ ಬರುತ್ತದೆ.

ಮಾಟುಂಗಾ ಮೇಷ್ಟ್ರು:
ಉರ್ದು ಮಾತಾಡುವವರು 'ಖಬರ್' ಅನ್ನುವಾಗ ಮೊದಲಿಗೆ ಗಂಟಲು ಉಜ್ಜಿ ಬರುತ್ತಲ್ಲ, ಅದೇ ಸದ್ದು. ಅದನ್ನ ಕೊನೆಗೆ ಇಡಿ.