ಮನೆಯಲ್ಲಿ ಮಾಡಿದ ಕಿತ್ತಳೆ ಗೋಧಿ ಬಿಯರಿನಲ್ಲಿ ಸಾರಿನ ವಾಸನೆ ಬರುತ್ತಿದೆ, ಎಲ್ಲಿ ತಪ್ಪಿದೆ?

ಹಾಸನ_ಮಿಲ್ವಾಕೀ

ಎಲ್ಲರಿಗೂ ನಮಸ್ಕಾರ. ಊರು ಹಾಸನದ ಹತ್ತಿರ, ಇರೋದು ಮಿಲ್ವಾಕೀಯಲ್ಲಿ. ಬಿಯರಿಗೇ ಹೆಸರಾದ ಊರಲ್ಲಿ ಆರು ವರ್ಷದಿಂದ ಇದ್ದೀಯ, ಒಂದು ಸಲವೂ ಮನೆಯಲ್ಲಿ ಮಾಡಿ ನೋಡಿಲ್ಲವಾ ಅಂತ ಆಫೀಸಿನಲ್ಲಿ ಆಡಿಕೊಂಡರು. ಮಾಡಿದೆ. ಈಗ ಬೇಸ್‌ಮೆಂಟಿನಲ್ಲಿ 47 ಬಾಟಲಿ ಸಾಲಾಗಿ ನಿಂತಿವೆ, ಕುಡಿಯುವವರು ಯಾರೂ ಇಲ್ಲ.

ನನಗೆ ಬೇಕಿದ್ದದ್ದು ಬೆಲ್ಜಿಯಂ ಕಡೆಯ ಗೋಧಿ ಬಿಯರ್. ಮಜ್ಜಿಗೆ ನೀರಿನ ಹಾಗೆ ಮಬ್ಬು, ಮೇಲೆ ದಪ್ಪ ಬಿಳಿ ನೊರೆ, ಮೂಗಿನ ಹತ್ತಿರ ತಂದರೆ ಕಿತ್ತಳೆ. ಮಬ್ಬು ಬಂತು. ನೊರೆಯೂ ಸುಮಾರಾಗಿ ಬಂತು. ಕಿತ್ತಳೆ ಮಾತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಲಿಗೆಗೆ ಮೊದಲು ಹುಳಿ, ಆಮೇಲೆ ಗಂಟಲಲ್ಲಿ ಕಹಿ, ಕಹಿ ಹೋದ ಮೇಲೆ ಒಗರು. ಅಮ್ಮ ಈಗ ಇಲ್ಲಿಗೆ ಬಂದಿದ್ದಾರೆ. ಕುಡಿಯುವವರಲ್ಲ. ಬಾಟಲಿ ತೆರೆದಾಗ ಸುಮ್ನೆ ಮೂಸಿ ನೋಡಿ, "ಇದೇನೋ, ತಿಳಿಸಾರು ಹಳಸಿದ ಹಾಗಿದೆಯಲ್ಲೋ" ಅಂದರು. ಅವರು ಹೇಳಿದ ಮೇಲೆ ನನಗೂ ಬೇರೆ ವಾಸನೆಯೇ ಬರುತ್ತಿಲ್ಲ.

ಮಾಡಿದ್ದು ಹೀಗೆ. 19 ಲೀಟರ್ ಲೆಕ್ಕ. 2.7 ಕೆ.ಜಿ. ಗೋಧಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಪುಡಿ (ಮೊಳಕೆ ಬರಿಸಿದ ಧಾನ್ಯದ ಸಿಹಿ ಸಾರ ಒಣಗಿಸಿದ್ದು), 28 ಗ್ರಾಂ ಹಾಲರ್ಟೌ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು), ಒಂದು ಗಂಟೆ ಕುದಿ. ನಾಲ್ಕು ಕಿತ್ತಳೆ ಸಿಪ್ಪೆ ಸುಲಿದು, ಹಾಗೇ ತುಂಡು ಮಾಡಿ ಹಾಪ್ಸ್ ಜೊತೆಗೇ ಹಾಕಿದೆ. ಚೆನ್ನಾಗಿ ರಸ ಬಿಡಲಿ ಅಂತ. ಕೊತ್ತಂಬರಿ ಬೀಜ 30 ಗ್ರಾಂ, ಘಮ ಬರುವ ತನಕ ಹುರಿದು ಪುಡಿ ಮಾಡಿದ್ದು. ಯೀಸ್ಟ್ ಅಂಗಡಿಯವರು ಕೊಟ್ಟ ಸಾಮಾನ್ಯ ಅಮೆರಿಕನ್ ಏಲ್ ಯೀಸ್ಟ್. ನಾಲ್ಕನೇ ದಿನಕ್ಕೆ ಕಿತ್ತಳೆ ವಾಸನೆ ಸಾಲದು ಅನ್ನಿಸಿ ಒಂದು ಲೀಟರ್ ಕಿತ್ತಳೆ ರಸ ಬಕೆಟ್ಟಿಗೆ ಸುರಿದೆ. ಹೈಡ್ರೋಮೀಟರ್ (ಸಕ್ಕರೆ ಎಷ್ಟಿದೆ ಅಂತ ತೋರಿಸುವ ಕೊಳವೆ) ಮೊದಲು 1.052, ಕೊನೆಗೆ 1.009.

ಸ್ಯಾನಿಟೈಸರ್ ಎಲ್ಲ ಸರಿಯಾಗಿಯೇ ಮಾಡಿದ್ದೆ. ಹಾಗಾದರೆ ಎಲ್ಲಿ ಎಡವಿದೆ?

ಬಕೆಟ್‌ಭಟ್ಟ

ಎಲ್ಲಿ ಎಡವಲಿಲ್ಲ ಅಂತ ಕೇಳಿದ್ದರೆ ಉತ್ತರ ಚಿಕ್ಕದಾಗುತ್ತಿತ್ತು ಮಾರಾಯರೇ. ಬೇಜಾರು ಮಾಡಿಕೊಳ್ಳಬೇಡಿ. ನಾನು ಪೋರ್ಟ್‌ಲ್ಯಾಂಡಿನಲ್ಲಿ 11 ವರ್ಷದಿಂದ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಿದ್ದೇನೆ. ನನ್ನ ಮೊದಲನೇ ಬ್ಯಾಚು ಹಿತ್ತಲಿನ ಹುಲ್ಲಿಗೆ ಹೋಗಿತ್ತು, ಹುಲ್ಲೂ ಒಣಗಿತು.

ಮೊದಲು ಕೊತ್ತಂಬರಿ. ಅದನ್ನು ಹುರಿಯಲು ಯಾರು ಹೇಳಿದರು ನಿಮಗೆ? ಯಾರೂ ಹೇಳಿರಲ್ಲ, ಕೈ ತಾನೇ ಬಾಣಲೆಗೆ ಹೋಗಿರುತ್ತದೆ. ಹಸಿ ಬೀಜದ ಎಣ್ಣೆಯಲ್ಲಿ ಮುಖ್ಯವಾಗಿ ಇರೋದು ಲಿನಲೂಲ್. ನಿಂಬೆ, ಹೂವು ಎರಡೂ ಸೇರಿದಂಥ ವಾಸನೆ ಅದರದು. ಹಾಪ್ಸ್‌ನಲ್ಲೂ ಅದು ಇದೆ, ಅದಕ್ಕೇ ಎರಡೂ ಹೊಂದಿಕೊಳ್ಳುತ್ತವೆ. ಹುರಿದರೆ ಅದು ಹಾರಿಹೋಗಿ ಕಾಯಿಪಲ್ಲೆಗೆ ಬೇಕಾದ ಇನ್ನೊಂದು ಘಮ ಹುಟ್ಟುತ್ತದೆ. ಸಾರಿಗೆ ಅದು ಬೇಕು, ಬಿಯರಿಗೆ ಬೇಡ. ನಿಮ್ಮ ಅಮ್ಮನ ಮೂಗು ಸರಿಯಾಗಿಯೇ ಇದೆ.

ಒಂದು ಒಳ್ಳೆಯ ಸುದ್ದಿ. ಇಲ್ಲಿನ ಸೂಪರ್ ಮಾರ್ಕೆಟ್ಟಿನ ಶೀಶೆಯಲ್ಲಿ ಸಿಗುವ ಗುಂಡನೆಯ ಕಂದು ಬೀಜಕ್ಕಿಂತ ನಮ್ಮ ಇಂಡಿಯನ್ ಅಂಗಡಿಯ ಉದ್ದುದ್ದ, ತಿಳಿ ಹಳದಿ-ಹಸಿರು ಬೀಜ ಈ ಬಿಯರಿಗೆ ಒಳ್ಳೆಯದು. ಅದರಲ್ಲಿ ನಿಂಬೆ ಕಡೆಯ ವಾಸನೆ ಜಾಸ್ತಿ. ಇಲ್ಲಿನ ಬ್ರೂವರ್‌ಗಳು ಅದಕ್ಕಾಗಿ ನಮ್ಮ ಅಂಗಡಿ ಹುಡುಕಿಕೊಂಡು ಬರುತ್ತಾರೆ. ನೀವು ಕೈಯಲ್ಲೇ ಇದ್ದದ್ದನ್ನು ಹುರಿದುಬಿಟ್ಟಿರಿ. 15 ಗ್ರಾಂ ಸಾಕು. ಕುಟ್ಟಾಣಿಯಲ್ಲಿ ನಾಲ್ಕು ಏಟು ಹಾಕಿ, ಬೀಜ ಎರಡು ಹೋಳಾದರೆ ಆಯಿತು. ಪುಡಿ ಮಾಡಬೇಡಿ.

ಎರಡನೆಯದು ಸಿಪ್ಪೆ. ಕಿತ್ತಳೆಯ ಘಮ ಇರೋದು ಮೇಲಿನ ಬಣ್ಣದ ಪದರದ ಎಣ್ಣೆಯಲ್ಲಿ. ಕೆಳಗಿನ ಬಿಳಿ ಬರೀ ಕಹಿ. ನೀವು ಬಿಳಿಯನ್ನು ಒಂದು ಗಂಟೆ ಕುದಿಸಿ ಕಹಿಯನ್ನೆಲ್ಲ ಇಳಿಸಿಕೊಂಡಿರಿ, ಘಮವನ್ನು ಆವಿಯ ಜೊತೆ ಅಡುಗೆಮನೆಗೆ ಬಿಟ್ಟಿರಿ. ಅವತ್ತು ಮನೆಯೆಲ್ಲ ಕಿತ್ತಳೆ ವಾಸನೆ ಬಂದಿತ್ತು, ಅಲ್ವಾ? ಹೋದದ್ದು ಅಲ್ಲೇ. ಸಾರಿಗೆ ಕೊತ್ತಂಬರಿ ಸೊಪ್ಪು ಯಾವಾಗ ಹಾಕುತ್ತೀರಿ? ಇಳಿಸುವ ಮುಂಚೆ. ಇದೂ ಹಾಗೇ. ಕೊನೆಯ ಐದು ನಿಮಿಷ, ಬೀಜ ಮತ್ತು ಸಿಪ್ಪೆಯ ತುರಿ ಎರಡನ್ನೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ತುರಿ 30 ಗ್ರಾಂ, ಆರು ಹಣ್ಣು ಬೇಕಾದೀತು. ಇಲ್ಲಿನ ಹಣ್ಣಿಗೆ ಮೇಣ ಬಳಿದಿರುತ್ತಾರೆ. ಬಿಸಿ ನೀರಲ್ಲಿ ಬ್ರಷ್ ಹಾಕಿ ಉಜ್ಜಿ ತೊಳೆಯಿರಿ.

ರಸದ ವಿಷಯ. ರಸದ ಸಿಹಿಯನ್ನು ಯೀಸ್ಟ್ ಪೂರಾ ತಿಂದುಬಿಡುತ್ತದೆ. ಉಳಿಯೋದು ಹುಳಿ ಮಾತ್ರ. ಸಿಹಿ ಇಲ್ಲದ ಕಿತ್ತಳೆ ರಸ ಕುಡಿದು ನೋಡಿ, ಗೊತ್ತಾಗುತ್ತದೆ. ರಸ ಬೇಡವೇ ಬೇಡ.

ಯೀಸ್ಟೂ ಬದಲಿಸಿ. ನೀವು ಹಾಕಿದ್ದು ಸಭ್ಯ ಯೀಸ್ಟ್, ತನ್ನದೇನೂ ಹೇಳುವುದಿಲ್ಲ. ಬೆಲ್ಜಿಯನ್ ವಿಟ್ (ನಿಮಗೆ ಬೇಕಾದ ಗೋಧಿ ಬಿಯರಿನ ಹೆಸರೇ ಅದು) ಯೀಸ್ಟ್ ಅಂತಲೇ ಸಿಗುತ್ತದೆ: ವೈಟ್ ಲ್ಯಾಬ್ಸ್‌ನ 400 ಅಥವಾ ವಯೀಸ್ಟ್‌ನ 3944. ಸ್ವಲ್ಪ ಲವಂಗ, ಸ್ವಲ್ಪ ಮೆಣಸಿನ ಖಾರ ಅದೇ ಕೊಡುತ್ತದೆ. 20-21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ನಿಮ್ಮ ಬೇಸ್‌ಮೆಂಟು ಈಗ ಅದಕ್ಕೆ ತಣ್ಣಗಾಯಿತು. ಹೆಫೆವೈಜೆನ್ ಅನ್ನುವ ಜರ್ಮನ್ ಗೋಧಿ ಬಿಯರಿನ ಯೀಸ್ಟ್ ಕೊಟ್ಟರೆ ಬೇಡ ಅನ್ನಿ, ಅದರಲ್ಲಿ ಬಾಳೆಹಣ್ಣು ಬರುತ್ತದೆ, ಕಿತ್ತಳೆಯನ್ನು ನುಂಗಿಹಾಕುತ್ತದೆ.

ಹಾಪ್ಸ್ ಅಷ್ಟೇ ಇರಲಿ. ಎಕ್ಸ್‌ಟ್ರಾಕ್ಟ್ 2.5 ಕೆ.ಜಿ.ಗೆ ಇಳಿಸಿ, ಹಗುರವಾಗಿರಲಿ.

ಜಯನಗರ_4ನೇ_ಬ್ಲಾಕ್

ಗುರು, ಆ 47 ಬಾಟಲಿ ಚೆಲ್ಲಬೇಡ. ಕೊತ್ತಂಬರಿ ವಾಸನೆ ಇರುವ ಬಿಯರ್ ಅಂದರೆ ಈರುಳ್ಳಿ ಬಜ್ಜಿ ಹಿಟ್ಟು ಕಲಸೋಕೆ ದೇವರೇ ಕಳಿಸಿದ ಹಾಗೆ. ಕಡಲೆಹಿಟ್ಟು, ಅಕ್ಕಿಹಿಟ್ಟು, ನೀರಿನ ಬದಲು ತಣ್ಣಗಿನ ಬಿಯರ್. ಗರಿಗರಿ ಗ್ಯಾರಂಟಿ.

ಇದನ್ನು ಬೆಂಗಳೂರಲ್ಲಿ ಮನೆಯಲ್ಲಿ ಮಾಡಬಹುದಾ? ಬಕೆಟ್, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳ) ಎಲ್ಲ ಆನ್‌ಲೈನಿನಲ್ಲಿ ಸಿಗುತ್ತಿದೆ.

ಬಕೆಟ್‌ಭಟ್ಟ

ಬಕೆಟ್ ಸಿಕ್ಕಿದರೆ ಆಯಿತಾ? 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಇಂದಿರಾನಗರಕ್ಕೆ ಹೋಗಿ, ಲೈಸೆನ್ಸ್ ಇರುವವರು ಮಾಡಿದ್ದನ್ನು ಕುಡಿಯಿರಿ. ನಮಗೂ ಇಲ್ಲಿ ಅಮೆರಿಕದಲ್ಲಿ ಸುಮ್ಮನೆ ಸಿಕ್ಕಿದ್ದಲ್ಲ. 1978ರಲ್ಲಿ ಕಾನೂನು ಬದಲಾದ ಮೇಲೇ ಮನೆ ಬಿಯರಿಗೆ ತೆರಿಗೆ ಇಲ್ಲದೆ ಒಪ್ಪಿಗೆ ಸಿಕ್ಕಿದ್ದು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ 750 ಲೀಟರಿಗೆ ಸ್ವಲ್ಪ ಜಾಸ್ತಿ. ಮಾರುವ ಹಾಗಿಲ್ಲ.

ಹಾಪ್ಸ್_ಗೌಡ

ಭಟ್ಟರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಸಿಪ್ಪೆ ತುರಿಯುವ ಗೋಳೇ ಯಾಕೆ? ಹಾಪ್ಸ್‌ನಲ್ಲೇ ಹಣ್ಣಿನ ಘಮದ ಜಾತಿಗಳಿವೆ. ಅಮರಿಲ್ಲೋ ಹಾಕಿ, ಕಿತ್ತಳೆ. ಮಂಡರೀನಾ ಬವೇರಿಯಾ ಹಾಕಿ, ಕಮಲಾ ಕಿತ್ತಳೆ. ಕ್ಯಾಸ್ಕೇಡ್ ಹಾಕಿದರೆ ನಮ್ಮ ಚಕ್ಕೋತದ ಸಿಪ್ಪೆ ಹಿಂಡಿದ ಹಾಗೆ. ಒಲೆ ಆರಿಸಿದ ಮೇಲೆ 30 ಗ್ರಾಂ ಹಾಕಿ ಹದಿನೈದು ನಿಮಿಷ ಬಿಡಿ. ಮೇಣ ಇಲ್ಲ, ಬಿಳಿ ಇಲ್ಲ, ಕೈ ಗಾಯ ಇಲ್ಲ.

ಲೂವೆನ್_ಅಕ್ಕ

ಗೌಡರೇ, ಅದು ಒಳ್ಳೆಯ ಬಿಯರ್ ಆಗುತ್ತದೆ, ಆದರೆ ಅವರು ಕೇಳಿದ ಬಿಯರ್ ಆಗಲ್ಲ. ನಾನು ಇರೋದು ಬೆಲ್ಜಿಯಂನ ಲೂವೆನ್‌ನಲ್ಲಿ, ಸಂಶೋಧನೆ ಕೆಲಸ. ಈ ಬಿಯರಿನ ತವರೂರು ಹೂಗಾರ್ಡನ್ ಇಲ್ಲಿಂದ ಹತ್ತಿರ. ರೈಲಲ್ಲಿ ಟೀನೆನ್ ತನಕ ಹೋಗಿ ಬಸ್ ಹಿಡಿದರೆ ಆಯಿತು. ಟೀನೆನ್ ಸಕ್ಕರೆ ಕಾರ್ಖಾನೆಯ ಊರು, ನನಗೆ ಮಂಡ್ಯ ನೆನಪಾಗುತ್ತದೆ. ಇಲ್ಲಿ ಕಬ್ಬಲ್ಲ, ಬೀಟ್ ಗಡ್ಡೆ.

ಈ ಬಿಯರ್ ಒಮ್ಮೆ ಪೂರಾ ಸತ್ತೇಹೋಗಿತ್ತು ಗೊತ್ತಾ? ಹೂಗಾರ್ಡನ್‌ನಲ್ಲಿ ಇದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿ 1957ರಲ್ಲಿ ಬಾಗಿಲು ಹಾಕಿತು. ಪಿಯೆರ್ ಸೆಲಿಸ್ ಅನ್ನುವವರು ಹುಡುಗರಾಗಿದ್ದಾಗ ಅಲ್ಲಿ ಕೈಯಾಳಾಗಿ ಕೆಲಸ ಮಾಡಿದ್ದರು, ಆಮೇಲೆ ಹಾಲು ಮಾರುತ್ತಿದ್ದರು. 1960ರ ದಶಕದ ಮಧ್ಯದಲ್ಲಿ ನೆನಪಿನ ಮೇಲೇ ಮತ್ತೆ ಮಾಡಲು ಶುರು ಮಾಡಿದರು. 1985ರಲ್ಲಿ ಅವರ ಬ್ರೂವರಿಗೆ ಬೆಂಕಿ ಬಿತ್ತು. ಕೊನೆಗೆ ದೊಡ್ಡ ಕಂಪನಿಯ ಕೈಗೆ ಹೋಯಿತು. ಸೆಲಿಸ್ 1992ರಲ್ಲಿ ನಿಮ್ಮ ಅಮೆರಿಕದ ಆಸ್ಟಿನ್‌ಗೆ ಬಂದು ಅಲ್ಲೂ ಇದನ್ನೇ ಮಾಡಿದರು. ಒಬ್ಬ ಹಾಲಿನವರು ಇಲ್ಲದಿದ್ದರೆ ನೀವು ಬೇಸ್‌ಮೆಂಟಲ್ಲಿ ಕೆಡಿಸಲು ಏನೂ ಇರುತ್ತಿರಲಿಲ್ಲ!

ಇಲ್ಲಿ ಹಾಕುವುದು ಕುರಸಾವೊ ಕಿತ್ತಳೆಯ ಒಣಸಿಪ್ಪೆ. ಕಹಿ ಜಾತಿಯ ಕಿತ್ತಳೆ ಅದು, ತಿನ್ನೋಕೆ ಆಗಲ್ಲ. ಬ್ರೂಯಿಂಗ್ ಸಾಮಾನಿನ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಹಳೇ ಪೊಟ್ಟಣ ಆದರೆ ಬರೀ ಮರದ ಪುಡಿ. ಅದಕ್ಕಿಂತ ಅಂಗಡಿಯ ತಾಜಾ ಸಿಹಿ ಕಿತ್ತಳೆ ತುರಿಯೇ ವಾಸಿ. ಇನ್ನೊಂದು ಮಾತು. ಮೂಲದಲ್ಲಿ ಸುಮಾರು ಅರ್ಧದಷ್ಟು ಮೊಳಕೆ ಬರಿಸದ ಹಸಿ ಗೋಧಿ ಇರುತ್ತದೆ. ಎಕ್ಸ್‌ಟ್ರಾಕ್ಟಿನಲ್ಲಿ ಅದು ಬರಲ್ಲ, ಅದಕ್ಕಾಗಿ ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಹಾಸನ_ಮಿಲ್ವಾಕೀ

ಭಟ್ಟರೇ, ಅಕ್ಕಾ, ತುಂಬಾ ಥ್ಯಾಂಕ್ಸ್. ನಾಚಿಕೆ ಆಗೋ ವಿಷಯ ಏನಂದರೆ, ಬಿಳಿ ಕಹಿ ಅನ್ನೋದು ನನಗೆ ಗೊತ್ತಿರಬೇಕಿತ್ತು. ಅಮ್ಮ ಕಿತ್ತಳೆ ಸಿಪ್ಪೆ ಗೊಜ್ಜು ಮಾಡುವಾಗ ಚಮಚದಲ್ಲಿ ಆ ಬಿಳಿಯನ್ನು ಕೆರೆದು ಕೆರೆದು ತೆಗೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಿಯರ್ ಅಂದಕೂಡಲೇ ಅದೆಲ್ಲ ಬೇರೆ ಲೋಕ ಅನ್ನಿಸಿಬಿಟ್ಟಿತು.

ಒಂದು ಪ್ರಶ್ನೆ. ಇಷ್ಟು ಮಾಡಿಯೂ ಕಿತ್ತಳೆ ಸಾಲದಿದ್ದರೆ?

ಬಕೆಟ್‌ಭಟ್ಟ

ಬಾಟಲಿಗೆ ತುಂಬುವ ಐದು ದಿನ ಮುಂಚೆ ಎರಡು ಹಣ್ಣಿನ ತುರಿಯನ್ನು 120 ಮಿ.ಲೀ. ವೋಡ್ಕಾದಲ್ಲಿ ನೆನೆಹಾಕಿ. ಆಮೇಲೆ ಸೋಸಿ. ನಾಲ್ಕು ಲೋಟದಲ್ಲಿ 100 ಮಿ.ಲೀ. ಬಿಯರ್ ತೆಗೆದುಕೊಂಡು, ಔಷಧಿ ಸಿರಿಂಜಲ್ಲಿ ಒಂದಕ್ಕೆ 0.2, ಒಂದಕ್ಕೆ 0.3, ಒಂದಕ್ಕೆ 0.5 ಮಿ.ಲೀ. ಬಿಟ್ಟು ರುಚಿ ನೋಡಿ. ನಾಲ್ಕನೆಯದು ಹಾಗೇ ಇರಲಿ, ಹೋಲಿಸೋಕೆ. ಯಾವುದು ಹಿಡಿಸಿತೋ ಅದನ್ನು 190ರಿಂದ ಗುಣಿಸಿ. ಒಂದೇ ಸಲ ಎಲ್ಲ ಸುರಿಯಬೇಡಿ. ಆ ಎಣ್ಣೆ ಜಾಸ್ತಿ ಆದರೆ ನೊರೆ ಕೂತುಹೋಗುತ್ತದೆ.

ಮತ್ತೆ, ಹೈಡ್ರೋಮೀಟರ್ ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಂಕಿ ತೋರಿಸುವ ತನಕ ಬಾಟಲಿಗೆ ಕೈ ಹಾಕಬೇಡಿ. ಒಳಗೆ ಸಕ್ಕರೆ ಉಳಿದಿದ್ದರೆ ಬಾಟಲಿ ಸಿಡಿಯುತ್ತದೆ. ಗಾಜು, ತಮಾಷೆಯಲ್ಲ. ಪ್ರೈಮಿಂಗಿಗೆ, ಅಂದರೆ ಬಾಟಲಿಯೊಳಗೆ ಗ್ಯಾಸ್ ಹುಟ್ಟಲು ತುಂಬುವಾಗ ಅಳೆದು ಹಾಕುವ ಸಕ್ಕರೆಗೆ, 130 ಗ್ರಾಂ ಕಾರ್ನ್ ಶುಗರ್ ಸಾಕು.

ಹಾಸನ_ಮಿಲ್ವಾಕೀ

ಆರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ತುರಿಯುವ ದಿನ ಮೂರನೇ ಹಣ್ಣಿಗೇ ನನ್ನ ಬೆರಳ ಗೆಣ್ಣು ತುರಿದುಕೊಂಡೆ. ಅಮ್ಮ ನೋಡಿ ನೋಡಿ ತಡೆಯಲಾರದೆ ಗ್ರೇಟರ್ ಕಿತ್ತುಕೊಂಡರು. "ಕುಡಿಯೋದು ನಿನ್ನ ಪಾಪ, ತುರಿಯೋದು ನನ್ನ ಕೆಲಸ" ಅಂದರು. ಒಂದು ಚೂರು ಬಿಳಿ ಬೀಳದ ಹಾಗೆ ಮೂರು ಹಣ್ಣು ತುರಿದುಕೊಟ್ಟರು. ತೂಕ 31 ಗ್ರಾಂ. ಗಂಟು ಕಟ್ಟಿದ್ದು ಅವರ ಹಳೇ ಸೀರೆಯ ತುಂಡಲ್ಲಿ, ಕುದಿಯುವ ನೀರಲ್ಲಿ ಅದ್ದಿ ತೆಗೆದು.

ಬಕೆಟ್ಟನ್ನು ಮೇಲಿನ ರೂಮಿನ ಬಟ್ಟೆ ಕಪಾಟಿನಲ್ಲಿ ಇಟ್ಟೆ, ಅಲ್ಲಿ 20 ಡಿಗ್ರಿ. ಎರಡನೇ ರಾತ್ರಿ ಏರ್‌ಲಾಕ್ ಗುಳುಗುಳು ಅಂತ ಶುರುವಾಗಿದ್ದು ಐದು ದಿನ ನಿಲ್ಲಲಿಲ್ಲ. ಮೊದಲು 1.048, ಕೊನೆಗೆ 1.011. ವೋಡ್ಕಾ ಕಷಾಯ ಮಾಡಿ ಇಟ್ಟಿದ್ದೆ. 0.2ರ ಲೋಟವೇ ಹಿಡಿಸಿತು, ಒಟ್ಟು 38 ಮಿ.ಲೀ. ಹಾಕಿದೆ.

ಕಳೆದ ಶನಿವಾರ ಮೊದಲ ಬಾಟಲಿ. ಮುಚ್ಚಳ ತೆಗೆದರೆ ಟಿಸ್ ಅಂದಿತು, ಲೋಟಕ್ಕೆ ಬಗ್ಗಿಸಿದರೆ ನೊರೆ ಎರಡು ಬೆರಳು ಎತ್ತರ ನಿಂತಿತು. ಮೊದಲು ಬಂದದ್ದು ಕಿತ್ತಳೆ ಅಲ್ಲ, ಕಿತ್ತಳೆ ಸುಲಿಯುವಾಗ ಕಣ್ಣಿಗೆ ಹಾರುತ್ತದಲ್ಲ, ಆ ಸಿಪ್ಪೆಯ ಚುರುಕು. ಹಿಂದೆಯೇ ಸಣ್ಣಗೆ ಲವಂಗ. ಕೊತ್ತಂಬರಿ ಎಲ್ಲಿದೆ ಅಂತ ಹುಡುಕಬೇಕು. ಗೌಡರೇ, ಮುಂದಿನ ಸಲ ನಿಮ್ಮ ಅಮರಿಲ್ಲೋ ಕೂಡ ನೋಡುತ್ತೇನೆ, ಆಣೆ. ಆಫೀಸಿನವರು ಹತ್ತು ಬಾಟಲಿ ಒಯ್ದರು, ಖಾಲಿ ಬಾಟಲಿ ಮಾತ್ರ ಯಾರೂ ವಾಪಸ್ ತಂದಿಲ್ಲ.

ಜಯನಗರದವರೇ, ಹಳೇ ಬ್ಯಾಚಿನಲ್ಲಿ ಒಂಬತ್ತು ಬಾಟಲಿ ಬಜ್ಜಿಗೆ ಹೋಯಿತು. ಅಮ್ಮನಿಗೆ ಬೇರೆ ಹಿಟ್ಟು ನೀರಲ್ಲೇ ಕಲಸಿದೆವು. ನಮ್ಮದೇ ಗರಿಗರಿ ಬಂತು ಅಂತ ಅವರಿಗೆ ಸ್ವಲ್ಪ ಅನುಮಾನ ಇದೆ.

ಅಡುಗೆಮನೆಯಲ್ಲಿ ಈಗ ಕೊತ್ತಂಬರಿ ಬೀಜದ ಡಬ್ಬ ಎರಡು. ಒಂದರ ಮೇಲೆ ಅಮ್ಮನ ಕೈಬರಹದ ಚೀಟಿ: "ಇವನ ಬಿಯರಿಂದು. ಹುರಿಯಬೇಡಿ."